ಗೊತ್ತಿರುವವರು ಊರಲ್ಲಿಲ್ಲದಿದ್ದರೂ ಸಂಘದ ವ್ಯಾಪಾರ ನಡೆಯಬೇಕೇ? ಹೀಗೆ ಮಾಡಿ

ವಿಜಯಪುರ, ಕಲಬುರಗಿ ಕಡೆ ಸ್ವಸಹಾಯ ಸಂಘದ ಸಾಲ ತೆಗೆದು ಖಡಕ್ ರೊಟ್ಟಿ ಮಾರುವ ಮಹಿಳೆಯರಿದ್ದಾರೆ. ಯಾವ ಜೋಳ ತರಬೇಕು, ಯಾವ ಅಂಗಡಿಯವರು ದುಡ್ಡು ಸರಿಯಾಗಿ ಕೊಡುತ್ತಾರೆ ಎನ್ನುವುದೆಲ್ಲ ಎಷ್ಟೋ ಕಡೆ ಒಬ್ಬರಿಗೇ ಗೊತ್ತಿರುತ್ತದೆ. ಅವರು ಮಗಳ ಬಾಣಂತನಕ್ಕೆ ಹೋದರೆ ವ್ಯಾಪಾರ ಕುಂಟುತ್ತದೆ. ಸಾಲದ ಕಂತು ಮಾತ್ರ ನಿಲ್ಲುವುದಿಲ್ಲ, ಅಲ್ವಾ?

ಅವರಿಗೆ ಗೊತ್ತಿರುವುದನ್ನು ಬರೆದಿಡಲು ಹೊಸ ಸಭೆ ಬೇಡ. ವಾರದ ಸಭೆಗೆ ನಡಾವಳಿ, ಉಳಿತಾಯ, ಸಾಲದ ಪುಸ್ತಕಗಳು ಹೇಗೂ ಬರುತ್ತವೆ. ಜೊತೆಗೆ ಇನ್ನೊಂದು ನೋಟ್‌ಬುಕ್ ಇಡಿ.

ಮೊದಲು ಕೆಲಸದ ಗುಟ್ಟು. ಚೆನ್ನಾಗಿ ಬಲ್ಲವರು ರೊಟ್ಟಿ ಬಡಿಯುತ್ತಲೇ ಹೇಳಲಿ, ಇನ್ನೊಬ್ಬರು ಬರೆದುಕೊಳ್ಳಲಿ. ಸುಮ್ನೆ ಕೂರಿಸಿ ಕೇಳಿದರೆ ಅರ್ಧ ಮರೆತುಹೋಗುತ್ತದೆ. 'ಒಳ್ಳೆ ಜೋಳ ತರಬೇಕು' ಅಂತ ಬರೆದರೆ ಉಪಯೋಗವಿಲ್ಲ. ಮಾಲ್ದಂಡಿ ಜೋಳವೇ? ಬೀಸಿಸಿ ಎಷ್ಟು ದಿನವಾದ ಮೇಲೆ ಹಿಟ್ಟಿನ ಜಿಗಿ ಹೋಗಿ ರೊಟ್ಟಿ ಹರಿಯಿತು? ಎಷ್ಟು ಹಿಟ್ಟಿಗೆ ಎಷ್ಟು ಎಸರು? ಮಳೆಗಾಲದಲ್ಲಿ ಎಷ್ಟು ಹೊತ್ತು ಆರಿಸಿ ಪ್ಯಾಕ್ ಮಾಡಿದರೆ ಮೆತ್ತಗಾಗಲಿಲ್ಲ? ಅಳತೆ, ದಿನಾಂಕ ಇರಲಿ. ಸರಕು ಯಾಕೆ ಕೆಟ್ಟಿತು ಅಂತಲೂ ಬರೆಯಿರಿ. ಯಾರಿಂದ ಕೆಟ್ಟಿತು ಅಂತ ಮಾತ್ರ ಬೇಡ, ಜಗಳ ಶುರುವಾಗುತ್ತದೆ.

ಆಮೇಲೆ ಖರ್ಚು. ಜೋಳ, ಬೀಸುವ ಕೂಲಿ, ಗ್ಯಾಸ್ ಇಲ್ಲವೇ ಕಟ್ಟಿಗೆ, ಕವರು, ಬಸ್ ಚಾರ್ಜು, ಕೊನೆಗೆ ನಿಮ್ಮದೇ ಕೂಲಿ. ಈ ಕೊನೆಯದನ್ನೇ ಜಾಸ್ತಿ ಜನ ಬಿಡುವುದು. ಊರಲ್ಲಿ ನಡೆಯುವ ಕೂಲಿಯ ದರವನ್ನೇ ಹಿಡಿಯಿರಿ. ರೊಟ್ಟಿಯ ಬೆಲೆ ಗಿಟ್ಟುತ್ತದೋ ಇಲ್ಲವೋ ಆಗ ತಿಳಿಯುತ್ತದೆ.

ಉದ್ರಿಗೆ ಬೇರೆ ಪುಟ: ಅಂಗಡಿ, ಸರಕು ಕೊಟ್ಟ ದಿನ, ದುಡ್ಡು ಬಂದ ದಿನ. ಅಷ್ಟು ಸಾಕು.

ಸಾಲದ ವಿಷಯ ಸ್ವಲ್ಪ ನಾಜೂಕು. ಸಭೆ, ಉಳಿತಾಯ, ಒಳಸಾಲ (ಸಂಘದ ದುಡ್ಡಿನಿಂದ ಸದಸ್ಯೆಯರಿಗೇ ಕೊಡುವ ಸಾಲ), ಸಕಾಲಕ್ಕೆ ಮರುಪಾವತಿ, ಪುಸ್ತಕ ನಿರ್ವಹಣೆ: ಸಂಘಗಳ ಈ ಪಂಚಸೂತ್ರವನ್ನು ಬ್ಯಾಂಕಿನವರು ಸಾಲ ಕೊಡುವ ಮುಂಚೆ ನೋಡುತ್ತಾರೆ. ಆದರೆ ಸದಸ್ಯೆ ಬೇರೆ ಕಡೆ ತೆಗೆದ ಸಾಲ ಸಂಘದ ಪುಸ್ತಕದಲ್ಲಿ ಕಾಣುವುದಿಲ್ಲ. ರಿಸರ್ವ್ ಬ್ಯಾಂಕಿನ 2022ರ ನಿಯಮದಂತೆ, ವರ್ಷಕ್ಕೆ 3 ಲಕ್ಷ ರೂಪಾಯಿವರೆಗೆ ಆದಾಯವಿರುವ ಮನೆಗೆ ಅಡಮಾನವಿಲ್ಲದೆ ಕೊಡುವುದು ಮೈಕ್ರೋಫೈನಾನ್ಸ್ ಸಾಲ. ಆ ಮನೆಯ ಎಲ್ಲ ಸಾಲಗಳ ಕಂತು ಸೇರಿ ತಿಂಗಳ ಆದಾಯದ ಶೇ 50 ದಾಟುವಂತಿಲ್ಲ. ಈ ಲೆಕ್ಕವನ್ನು ಸಾಲ ಕೊಡುವ ಕಂಪನಿಯ ಏಜೆಂಟ್ ಹಾಕಲಿ ಎಂದು ಕಾಯದೆ ನೀವೇ ಒಂದು ಹಾಳೆಯಲ್ಲಿ ಹಾಕಿ. ಈ ಹಾಳೆ ಅವರವರ ಮನೆಯಲ್ಲೇ ಇರಲಿ. ಸಭೆಯಲ್ಲಿ ಓದಿಸಿದರೆ ನಿಜ ಯಾರೂ ಬರೆಯುವುದಿಲ್ಲ.

ಬರೆಯುವ ಕೆಲಸ ಸರದಿಯ ಮೇಲೆ ಸಾಗಲಿ. ಬರಹ ಬಾರದವರು ಫೋನಿನಲ್ಲಿ ಮಾತಾಡಿ ರೆಕಾರ್ಡ್ ಮಾಡಲಿ. ತಿಂಗಳಿಗೊಮ್ಮೆ ಪುಟಗಳ ಫೋಟೊ ತೆಗೆದು ಸಂಘದ ವಾಟ್ಸ್ಆ್ಯಪ್ ಗುಂಪಿಗೆ ಹಾಕಿ.

ಬರೆದದ್ದನ್ನು ಓದದಿದ್ದರೆ ಇದೆಲ್ಲ ದಂಡ. ಸಂಕ್ರಾಂತಿಯ ಸಜ್ಜೆ ರೊಟ್ಟಿಗೆ ಆರ್ಡರ್ ಹಿಡಿಯುವ ಮುಂಚೆ ಹೋದ ವರ್ಷದ ಪುಟವನ್ನು ಸಭೆಯಲ್ಲಿ ಗಟ್ಟಿಯಾಗಿ ಓದಿಸಿ. ಎಷ್ಟು ಸಜ್ಜೆ ತರಬೇಕು, ಎಷ್ಟು ಕೈ ಬೇಕು, ಯಾವ ಅಂಗಡಿಗೆ ರೊಕ್ಕ ಎಣಿಸಿಕೊಂಡೇ ಸರಕು ಕೊಡಬೇಕು ಎನ್ನುವುದನ್ನು ಅಲ್ಲೇ ತೀರ್ಮಾನಿಸಿ.