ಎಂಟೂವರೆ ದೊಡ್ಡದೋ, ಎಂಟು ನಲವತ್ತೈದೋ?

ಅ ಆ ಇ ಈ ಇಂದ ಶುರು ಮಾಡಿದ್ದೇ ನನ್ನ ಮೊದಲ ತಪ್ಪು. ಬಿ.ಎಡ್ ಮಾಡಿದವಳು, ನನಗೆ ಗೊತ್ತಿದ್ದದ್ದು ಅದೊಂದೇ ದಾರಿ. ನಮ್ಮೂರಿನ ಓದು ಬಾರದ ಹೆಂಗಸರಿಂದ ಮೂರು ರಾತ್ರಿ ‘ಅ ಅಗಸ, ಆ ಆನೆ’ ಹೇಳಿಸಿದೆ. ನಾಲ್ಕನೇ ರಾತ್ರಿ ಒಬ್ಬರು ಅಜ್ಜಿ ಕೇಳಿಯೇ ಬಿಟ್ಟರು, "ಆನೆ ಕಟ್ಕೊಂಡು ನಾನೇನು ಮಾಡ್ಲಮ್ಮಾ? ನನ್ನ ಹೆಸರು ಬರೆಯೋದು ಹೇಳ್ಕೊಡು."

ನಮ್ಮೂರು ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನಲ್ಲಿ, ರಾಯಲ್ಪಾಡು ಕಡೆ. ಆಂಧ್ರದ ಗಡಿ ಹತ್ತಿರ. ಮನೆಯಲ್ಲಿ ತೆಲುಗು, ಡೈರಿಯಲ್ಲಿ ತೆಲುಗು, ಸರ್ಕಾರಿ ಕಾಗದದಲ್ಲಿ ಮಾತ್ರ ಕನ್ನಡ. ಕೇಂದ್ರ ಸರ್ಕಾರದ ಉಲ್ಲಾಸ್ ಯೋಜನೆ 2022ರಲ್ಲಿ ಶುರುವಾಯಿತಲ್ಲ, 15 ವರ್ಷ ದಾಟಿದ, ಓದು ಬರಹ ಬಾರದವರಿಗೆ ಕಲಿಸುವುದು. ಅದರಲ್ಲಿ ನಾನು ಸ್ವಯಂಸೇವಕಿ. ಸಂಬಳ ಇಲ್ಲ. ಭಜನೆ ಮನೆಯಲ್ಲಿ ಪಾಠ, ಸಂಜೆ ಡೈರಿಗೆ ಹಾಲು ಹಾಕಿ, ಅಡುಗೆ ಮುಗಿಸಿ, ಏಳೂವರೆಗೆ ಬರುತ್ತಾರೆ. ಹದಿನಾಲ್ಕು ಹೆಂಗಸರು. ಬೇರೆಯಾಗಿ ನಾಲ್ಕು ಹುಡುಗರು, ಅವರ ಕಥೆ ಆಮೇಲೆ.

ಹೆಸರು ಬರೆಸೋಣ ಅಂತ ಕೂತರೆ ಇನ್ನೊಂದು ಕಷ್ಟ. ಪುಸ್ತಕದಲ್ಲಿ ಒತ್ತಕ್ಷರ ಬರುವುದು ಕಟ್ಟಕಡೆಗೆ. ನಮ್ಮಲ್ಲಿ ಹೆಸರುಗಳೆಲ್ಲ ಮುನಿಯಮ್ಮ, ನಾರಾಯಣಮ್ಮ, ರತ್ನಮ್ಮ, ಗಿರಿಜಮ್ಮ. ಒತ್ತು ಇಲ್ಲದೆ ಒಬ್ಬರ ಹೆಸರೂ ಮುಗಿಯುವುದಿಲ್ಲ. ಇನ್ನು ಲಕ್ಷ್ಮಮ್ಮ ಅಂದರೆ ಕೇಳಬೇಡಿ. ಹಾಗಾಗಿ ‘ಮ್ಮ’ವನ್ನು ಬಿಡಿಸಿ ಹೇಳಲೇ ಇಲ್ಲ. ಅದು ಒಂದು ಚಿತ್ರ, ಹಂಗೇ ನೆನಪಿಟ್ಟುಕೊಳ್ಳಿ ಅಂದೆ. ಮೊದಲ ವಾರದಲ್ಲೇ ಎಲ್ಲರಿಗೂ ಬಂತು.

ಆಮೇಲೆ ಹಳೇ ಲಗ್ನಪತ್ರಿಕೆಗಳನ್ನು ಕತ್ತರಿಸಿ, ಹಿಂದಿನ ಖಾಲಿ ಕಡೆ ಅವರವರ ಹೆಸರಿನ ಅಕ್ಷರಗಳನ್ನು ದಪ್ಪಗೆ ಬರೆದು ಅವರವರ ಕೈಗೇ ಕೊಟ್ಟೆ. ಆ ಅಕ್ಷರಗಳು ಅವರ ಸೊತ್ತು. ‘ರಾಗಿ’ ಬರೆಯಬೇಕು ಅಂದರೆ ನಾರಾಯಣಮ್ಮನ ಹತ್ತಿರ ‘ರಾ’, ಗಿರಿಜಮ್ಮನ ಹತ್ತಿರ ‘ಗಿ’ ಸಾಲ ತರಬೇಕು. "ನಿನ್ನ ರಾ ಕೊಡಕ್ಕ, ಈಗ ವಾಪಸ್ ಕೊಡ್ತೀನಿ." ಸಕ್ಕರೆ, ಕಾಫಿಪುಡಿ ಸಾಲ ಕೇಳುವ ಹಾಗೆಯೇ. ಯಾರ ಹತ್ತಿರ ಯಾವ ಅಕ್ಷರ ಇದೆ ಅಂತ ಎಲ್ಲರಿಗೂ ಬಾಯಿಪಾಠ ಆಯಿತು. ನಾನು ಮಾಡಿದ ಸಾಮಗ್ರಿಗಳಲ್ಲಿ ಇಷ್ಟು ಕೆಲಸಕ್ಕೆ ಬಂದದ್ದು ಇನ್ನೊಂದಿಲ್ಲ. ಖರ್ಚು ಒಂದು ಮಾರ್ಕರ್ ಪೆನ್ನು.

ಎಲ್ಲ ಐಡಿಯಾನೂ ಹೀಗೆ ಗೆಲ್ಲಲಿಲ್ಲ. ರಂಗೋಲಿ ಹಾಕುವ ಕೈ ಅಲ್ವಾ, ಅಕ್ಷರವನ್ನೂ ರಂಗೋಲಿಯಲ್ಲೇ ಬರೆಸೋಣ ಅಂತ ನನಗೇ ನಾನು ಜಾಣೆ ಅಂದುಕೊಂಡು ಹಿಟ್ಟು ತಂದೆ. ಯಾರೂ ಮುಟ್ಟಲಿಲ್ಲ. "ಸರಸ್ವತಿಯನ್ನ ನೆಲದ ಮೇಲೆ ಬರೆದು ತುಳಿಯೋದಾ?" ಅಂದರು. ಹಿಟ್ಟು ವಾಪಸ್ ಮನೆಗೆ ಬಂತು.

ಒಂದು ತಿಂಗಳಾದರೂ ಆರು ಜನ ಮುಂದೆ ಹೋಗಲಿಲ್ಲ. ಗೋಡೆಯ ಮೇಲಿನ ಅಕ್ಷರ ಓದುತ್ತಿದ್ದರು, ಪುಸ್ತಕ ಕೊಟ್ಟರೆ ತಲೆನೋವು ಅನ್ನುತ್ತಿದ್ದರು. "ನಮಗೆಲ್ಲಿ ಹತ್ತುತ್ತೆ ಬಿಡಮ್ಮಾ, ವಯಸ್ಸಾಯ್ತು." ನಾನೂ ಹಾಗೇ ಅಂದುಕೊಂಡಿದ್ದೆ. ಒಂದು ದಿನ ನೋಡಿದರೆ, ಒಬ್ಬರು ಪುಸ್ತಕವನ್ನು ಕೈ ಪೂರ್ತಿ ಚಾಚಿ ಹಿಡಿದಿದ್ದಾರೆ. ಚಾಳೀಸು! ನಲವತ್ತು ದಾಟಿದ ಮೇಲೆ ಹತ್ತಿರದ್ದು ಮಂಜಾಗುತ್ತದೆ ಅಂತ ಗೊತ್ತಿದ್ದೂ ನನಗೆ ಹೊಳೆದಿರಲಿಲ್ಲ. ಅವರಿಗಂತೂ ಹತ್ತಿರ ಹಿಡಿದು ನೋಡುವ ಕೆಲಸ ಸೂಜಿಗೆ ದಾರ ಪೋಣಿಸುವುದು ಒಂದೇ, ಅದನ್ನು ಮೊಮ್ಮಕ್ಕಳು ಮಾಡಿಕೊಡುತ್ತಾರೆ. ಕಣ್ಣು ತೋರಿಸಿ, ನಂಬರ್ ಬರೆಸಿ, ಶ್ರೀನಿವಾಸಪುರದಲ್ಲಿ ಕಡಿಮೆ ಬೆಲೆಯ ಕನ್ನಡಕ ತೆಗೆದುಕೊಂಡೆವು. ಬೇರೆಯವರಿಗೆ ಹೇಳುವುದಾದರೆ ನಾನು ಪುಸ್ತಕಕ್ಕಿಂತ ಮೊದಲು ಇದನ್ನೇ ಹೇಳುತ್ತೇನೆ.

ಭಾಷೆಯದ್ದು ಬೇರೆಯೇ ತಮಾಷೆ. ಡೈರಿ ಬೋರ್ಡಿನ ‘ಹಾಲು’ ಪದವನ್ನು ಎಲ್ಲರೂ ‘ಪಾಲು’ ಅಂತ ಓದುತ್ತಿದ್ದರು. ತೆಲುಗಿನಲ್ಲಿ ಹಾಲಿಗೆ ಪಾಲು. ಮೊದಮೊದಲು ತಿದ್ದಿ ತಿದ್ದಿ ಸಾಕಾಯಿತು. ಆಮೇಲೆ ಅದನ್ನೇ ಪಾಠ ಮಾಡಿದೆ. ಪುಲಿ ಇದ್ದದ್ದು ಹುಲಿ, ಪಂದಿ ಇದ್ದದ್ದು ಹಂದಿ, ಪಾಮು ಹಾವು, ಪುವ್ವು ಹೂವು. ನಿಮ್ಮ ‘ಪ’ ಕನ್ನಡಕ್ಕೆ ಬರುವಾಗ ‘ಹ’ ಆಗುತ್ತೆ ಅಂದೆ. ಹಳಗನ್ನಡದಲ್ಲಿ ನಮ್ಮವರೂ ಪಾಲ್ ಅಂತಲೇ ಹೇಳುತ್ತಿದ್ದರು ಅಂದಾಗ ಒಬ್ಬರು ಅಕ್ಕ, "ಹಂಗಾದ್ರೆ ನಾವೇ ಸರಿ, ನೀವು ಆಮೇಲೆ ಬದಲಾಯಿಸಿದ್ದು" ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಲೆಕ್ಕದಲ್ಲಿ ಅವರು ನನಗಿಂತ ಮುಂದೆ. ಪುಸ್ತಕದ ೧, ೨, ೩ ಪಕ್ಕಕ್ಕಿಟ್ಟು 1, 2, 3 ಇಂದಲೇ ಶುರು ಮಾಡಿದೆ. ಫೋನು, ನೋಟು, ಹಾಲಿನ ಕಾರ್ಡು ಎಲ್ಲದರಲ್ಲೂ ಇರುವುದು ಅದೇ. ಹಾಲಿನ ಕಾರ್ಡೇ ನಮ್ಮ ಗಣಿತದ ಪುಸ್ತಕ ಆಯಿತು. ಲೀಟರ್, ಫ್ಯಾಟ್ ಅಂದರೆ ಕೊಬ್ಬು, ಎಸ್‌ಎನ್‌ಎಫ್ ಅಂದರೆ ಹಾಲಿನಲ್ಲಿ ಕೊಬ್ಬು ಬಿಟ್ಟು ಉಳಿದ ಘನಾಂಶ, ದರ, ಮೊತ್ತ. ಸರ್ಕಾರದ ಪ್ರೋತ್ಸಾಹಧನ ಆಗ ಲೀಟರಿಗೆ 5 ರೂಪಾಯಿ ಇತ್ತು. ತಿಂಗಳಿಗೆ 180 ಲೀಟರ್ ಹಾಕಿದರೆ ಎಷ್ಟು? ನಾನು ಬೋರ್ಡಿನ ಮೇಲೆ ಗುಣಿಸುವಷ್ಟರಲ್ಲಿ, "ನೂರಕ್ಕೆ ಐನೂರು, ಎಂಬತ್ತಕ್ಕೆ ನಾನೂರು, ಒಂಬೈನೂರು" ಅಂತ ಮುಗಿಸಿರುತ್ತಾರೆ.

ಅಲ್ಲೇ ನಾನು ಎಡವಿದ್ದು. ಒಂದು ಬೆಳಿಗ್ಗೆ ಡೈರಿಯಲ್ಲಿ ದೊಡ್ಡ ಗಲಾಟೆ. ನಮ್ಮ ಅಕ್ಕ ಒಬ್ಬರು ಕಾರ್ಡು ಹಿಡಿದು ನಿಂತಿದ್ದಾರೆ. "ನೆನ್ನೆ ಎಸ್‌ಎನ್‌ಎಫ್ 8.5, ಇವತ್ತು 8.45. ನೆನ್ನೆ ಐದು, ಇವತ್ತು ನಲವತ್ತೈದು. ಜಾಸ್ತಿ ಆಗಿದೆ. ದುಡ್ಡು ಯಾಕೆ ಕಮ್ಮಿ ಆಯ್ತು?" ಹಿಂದೆ ಇನ್ನೂ ಮೂರು ಜನ ತಮ್ಮ ಕಾರ್ಡು ತೆಗೆದಿದ್ದರು. ಕಾರ್ಯದರ್ಶಿಯವರು ಅವತ್ತು ಸಂಜೆ ನನ್ನ ಹತ್ತಿರ ಬಂದರು. "ಏನಮ್ಮಾ, ಓದು ಕಲಿಸ್ತೀನಿ ಅಂತ ಜಗಳ ಕಲಿಸ್ತಿದೀಯಾ?"

ತಪ್ಪು ಅವರದ್ದಲ್ಲ, ಆ ಅಕ್ಕನದ್ದೂ ಅಲ್ಲ. ಚುಕ್ಕಿ ಏನು ಅಂತ ನಾನು ಹೇಳಿಯೇ ಇರಲಿಲ್ಲ, ಸುಮ್ನೆ ‘ಎಂಟು ಪಾಯಿಂಟ್ ಐದು’ ಅಂತ ಓದಿಸಿ ಬಿಟ್ಟಿದ್ದೆ. ರಾತ್ರಿ ದಶಾಂಶ, ಶತಾಂಶ ಅಂತ ಶುರು ಮಾಡಿದೆ. ಎಲ್ಲರೂ ಆಕಳಿಸಿದರು. ಕೊನೆಗೆ ಚುಕ್ಕಿಯ ಆಚೆ ಇರುವುದನ್ನು ಪೈಸೆ ಅಂದುಕೊಳ್ಳಿ, ಒಂದೇ ಅಂಕಿ ಇದ್ದರೆ ಪಕ್ಕದಲ್ಲಿ ಸೊನ್ನೆ ಹಾಕಿ ಅಂದೆ. 8.5ಕ್ಕೆ ಸೊನ್ನೆ ಹಾಕಿದರು. ಎಂಟು ರೂಪಾಯಿ ಐವತ್ತು ಪೈಸೆ. ಗಲಾಟೆ ಮಾಡಿದ ಅಕ್ಕನೇ ಮೊದಲು ಹೇಳಿದ್ದು, "ಅಯ್ಯೋ, ಇದು ಎಂಟೂವರೆ! ಹಂಗೆ ಹೇಳಬಾರದಾ?" ಕಾಲು, ಅರೆ, ಮುಕ್ಕಾಲು ಅವರ ಬಾಯಲ್ಲಿ ಮೊದಲೇ ಇತ್ತು. ಹತ್ತು ನಿಮಿಷದಲ್ಲಿ 25, 50, 75 ಪಕ್ಕದಲ್ಲಿ ಕೂತವು. ಮಾರನೇ ದಿನ ಆಕೆ ಡೈರಿಗೆ ಹೋಗಿ, "ನಿಮ್ಮ ಲೆಕ್ಕ ಸರಿ ಇದೆ ಬಿಡಣ್ಣ" ಅಂದು ಬಂದರು. ಈಗ ಕಾರ್ಯದರ್ಶಿಯವರೇ ಹಳೇ ಕಾರ್ಡುಗಳನ್ನು ನಮಗೆ ಅಭ್ಯಾಸಕ್ಕೆ ಕೊಡುತ್ತಾರೆ.

ಹುಡುಗರ ವಿಷಯ. ಹದಿನೇಳರಿಂದ ಇಪ್ಪತ್ತು ವರ್ಷದವರು, ಏಳು ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟವರು. ಸೀಸನ್ನಿನಲ್ಲಿ ಮಾವಿನ ಮಂಡಿ, ಉಳಿದಂತೆ ಕೋಲಾರದ ಎಪಿಎಂಸಿಯಲ್ಲಿ ಟೊಮೆಟೊ ಲೋಡಿಂಗ್. ಅಕ್ಷರ ಪೂರ್ತಿ ಮರೆತಿಲ್ಲ, ಆದರೆ ಒಂದು ಸಾಲು ಓದುವಷ್ಟರಲ್ಲಿ ಬೆವರುತ್ತಾರೆ. "ನಮ್ಮಮ್ಮನ ಪಕ್ಕ ಕೂತು ಓದೋದಾ ಮೇಡಂ?" ಅಂದರು. ಅದೂ ನ್ಯಾಯವೇ. ಅವರಿಗೆ ಭಾನುವಾರ ಬೆಳಿಗ್ಗೆ ಬೇರೆ ಪಾಠ, ಪುಸ್ತಕದ ಬದಲು ಎಲ್‌ಎಲ್‌ಆರ್, ಅಂದರೆ ಗಾಡಿ ಕಲಿಯುವವರ ಲೈಸೆನ್ಸಿನ ಪರೀಕ್ಷೆಯ ಪ್ರಶ್ನೆಗಳು. ಟ್ರಾನ್ಸ್‌ಪೋರ್ಟ್ ಗಾಡಿ ಓಡಿಸುವ ಲೈಸೆನ್ಸಿಗೆ ಎಂಟನೇ ಕ್ಲಾಸ್ ಪಾಸಾಗಿರಬೇಕು ಅನ್ನುವ ನಿಯಮವನ್ನು 2019ರಲ್ಲೇ ತೆಗೆದಿದ್ದಾರೆ. ಆದರೆ ಕಂಪ್ಯೂಟರಿನ ಮೇಲೆ ಬರುವ ಪ್ರಶ್ನೆಯನ್ನು ಓದಲೇಬೇಕಲ್ಲ. ಚಿಹ್ನೆಗಳು ಅವರಿಗೆ ಗೊತ್ತು, ಪದ ಗೊತ್ತಿಲ್ಲ. ಚಿಹ್ನೆ ತೋರಿಸಿ ಪದ ಓದಿಸಿದೆ. ಅದರ ಕನ್ನಡ ಸ್ವಲ್ಪ ಭಾರ. "ಪಾದಚಾರಿ ಅಂದ್ರೆ ಯಾವ ಗಾಡಿ ಮೇಡಂ?" ಅಂತ ಒಬ್ಬ ನಿಜವಾಗಿಯೂ ಕೇಳಿದ. ಇಬ್ಬರಿಗೆ ಎಲ್‌ಎಲ್‌ಆರ್ ಆಯಿತು. ಒಬ್ಬ ಬೆಂಗಳೂರಿಗೆ ಹೋದ. ಒಬ್ಬ ಎರಡು ಸಲ ಫೇಲಾಗಿ ಈಗ ಪಾಠಕ್ಕೂ ಬರುತ್ತಿಲ್ಲ. ದಾರಿಯಲ್ಲಿ ಸಿಕ್ಕರೆ ಬೈಕ್ ತಿರುಗಿಸಿಕೊಂಡು ಹೋಗುತ್ತಾನೆ. ಅವನ ಹತ್ತಿರ ಹೇಗೆ ಮಾತು ಶುರು ಮಾಡಲಿ ಅಂತ ಇನ್ನೂ ಯೋಚಿಸುತ್ತಿದ್ದೇನೆ.

ಹೆಂಗಸರು ಉಲ್ಲಾಸ್ ಪರೀಕ್ಷೆ ಬರೆದರು. ಓದು, ಬರಹ, ಲೆಕ್ಕ, ತಲಾ 50 ಅಂಕ, ಒಟ್ಟು 150. ಆನೆ ಬೇಡ ಅಂದ ಅಜ್ಜಿ ರೇಷ್ಮೆ ಸೀರೆ ಉಟ್ಟುಕೊಂಡು ಬಂದಿದ್ದರು.

ಈಗ ಮಾವಿನ ಸುಗ್ಗಿ. ಕಾಯಿ ಕೀಳುವುದು, ಬಾದಾಮಿ, ತೋತಾಪುರಿ ಬೇರೆ ಮಾಡುವುದು, ಕ್ರೇಟು ತುಂಬುವುದು ಮುಗಿಯುವ ತನಕ ಯಾರೂ ಬರುವುದಿಲ್ಲ. ಜುಲೈ ಕೊನೆಗೆ ಮತ್ತೆ ಶುರು. ಹೋದ ವರ್ಷ ಕನ್ನಡಕಗಳನ್ನು ಭಜನೆ ಮನೆಯ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದ್ದೆ. ವಾಪಸ್ ಬಂದಾಗ ಅರ್ಧ ಜನ ಅಕ್ಷರ ಮರೆತಿದ್ದರು. ಈ ಸಲ ಕನ್ನಡಕ ಅವರವರ ಮನೆಗೇ ಕಳಿಸಿದ್ದೇನೆ, ಜೊತೆಗೆ ಲಗ್ನಪತ್ರಿಕೆಯ ಅಕ್ಷರಗಳನ್ನೂ.