30 ಮಿಲಿಮೀಟರ್ ತಗ್ಗಿದ ಕಾರು: ಸ್ಪ್ರಿಂಗ್ ಬದಲಾಯಿಸಿದ ನನ್ನ ಅನುಭವ

ಚಿಕ್ಕಮಗಳೂರಿನಿಂದ ಕೊಟ್ಟಿಗೆಹಾರದ ಮೂಲಕ ಚಾರ್ಮಾಡಿ ಘಾಟಿ ಇಳಿದು ಮಂಗಳೂರಿಗೆ ತಿಂಗಳಿಗೆ ಎರಡು ಬಾರಿಯಾದರೂ ಹೋಗಿಬರುವ ನನಗೆ, ತಿರುವುಗಳಲ್ಲಿ ಕಾರು ಪಕ್ಕಕ್ಕೆ ವಾಲುವುದು ಬಹಳ ದಿನಗಳಿಂದ ಇರಿಸುಮುರಿಸು ತರುತ್ತಿತ್ತು. ಸೆಕೆಂಡ್ ಹ್ಯಾಂಡ್ ಕೊಂಡಿದ್ದ ನನ್ನ ಫೋಕ್ಸ್‌ವ್ಯಾಗನ್ ಪೋಲೊಗೆ 30 ಮಿ.ಮೀ. ತಗ್ಗಿಸುವ ಸ್ಪೋರ್ಟ್ ಸ್ಪ್ರಿಂಗ್‌ಗಳನ್ನು ಹಾಕಲು ನಿರ್ಧರಿಸಿದ್ದು ಆ ಕಾರಣಕ್ಕಾಗಿ. ನೋಟದ ಆಸೆ ಇರಲೇ ಇಲ್ಲ ಎಂದರೆ ಸುಳ್ಳಾದೀತು.

ಕೆಲಸಕ್ಕೆ ಮೊದಲು ಎತ್ತರವನ್ನು ಅಳೆದೆ. ನೆಲದಿಂದ ಅಳೆದರೆ ಟೈರಿನ ಗಾಳಿ ಲೆಕ್ಕ ತಪ್ಪಿಸುತ್ತದೆ. ಆದ್ದರಿಂದ ಚಕ್ರದ ನಡುಬಿಂದುವಿನಿಂದ ಅದರ ಮೇಲಿನ ಫೆಂಡರಿನ (ಚಕ್ರವನ್ನು ಮುಚ್ಚುವ ತಗಡಿನ) ಅಂಚಿನವರೆಗೆ ಅಳೆಯುವುದು ಸರಿಯಾದ ಕ್ರಮ. ಸಮತಟ್ಟಾದ ನೆಲ, ತುಂಬಿದ ಟ್ಯಾಂಕು, ಒಳಗೆ ಯಾರೂ ಇಲ್ಲ: ಮುಂದೆ 385, ಹಿಂದೆ 382 ಮಿ.ಮೀ. ಬಂತು. ಬಳಿಕ ವೇಬ್ರಿಡ್ಜಿನ ಮೇಲೆ ಮುಂದಿನ ಎರಡು ಚಕ್ರಗಳನ್ನಷ್ಟೇ ನಿಲ್ಲಿಸಿ ತೂಗಿಸಿದಾಗ 680 ಕೆ.ಜಿ. ತೋರಿಸಿತು. ಚಕ್ರ, ಬ್ರೇಕು ಮೊದಲಾದವುಗಳಿಗೆಂದು ಪ್ರತಿ ಬದಿಗೆ 40 ಕೆ.ಜಿ. ಕಳೆದರೆ, ಮುಂದಿನ ಒಂದೊಂದು ಸ್ಪ್ರಿಂಗು ಹೊರುವ ಭಾರ ಸುಮಾರು 300 ಕೆ.ಜಿ.

ಬಿಚ್ಚಿದ ಹಳೆಯ ಸ್ಪ್ರಿಂಗನ್ನು ಹೊಸದರ ಪಕ್ಕದಲ್ಲಿಟ್ಟು ನೋಡಿದಾಗ ನನ್ನ ಒಂದು ತಪ್ಪು ಕಲ್ಪನೆ ಕಳಚಿಬಿತ್ತು. ಸ್ಪ್ರಿಂಗ್ ಗಟ್ಟಿಯಾದರೆ ಕಾರು ತಗ್ಗುತ್ತದೆ ಎಂದು ನಾನು ತಿಳಿದಿದ್ದೆ. ವಾಸ್ತವ ಅದಕ್ಕೆ ತದ್ವಿರುದ್ಧ. ಕಂಪನಿಯ ಸ್ಪ್ರಿಂಗಿನ ತಂತಿ 12 ಮಿ.ಮೀ., ಕೆಲಸ ಮಾಡುವ ಸುತ್ತುಗಳು ಸುಮಾರು 4.7. ಸ್ಪೋರ್ಟ್ ಸ್ಪ್ರಿಂಗಿನ ತಂತಿ 12.5 ಮಿ.ಮೀ., ಸುತ್ತುಗಳು ಸುಮಾರು 4.2, ಭಾರ ಬಿದ್ದೊಡನೆ ಒಂದಕ್ಕೊಂದು ಅಂಟಿಕೊಳ್ಳುವ ತುದಿಯ ಒತ್ತೊತ್ತು ಸುತ್ತುಗಳನ್ನು ಎಣಿಕೆಗೆ ಸೇರಿಸಬಾರದು. ಸುರುಳಿಯ ಸರಾಸರಿ ವ್ಯಾಸ ಎರಡರಲ್ಲೂ 130 ಮಿ.ಮೀ. ಸ್ಪ್ರಿಂಗಿನ ಬಿಗಿತವು ತಂತಿಯ ದಪ್ಪದ ನಾಲ್ಕನೆಯ ಘಾತಕ್ಕೆ ಅನುಗುಣವಾಗಿ ಏರುವುದರಿಂದ ಆ ಅರ್ಧ ಮಿಲಿಮೀಟರ್ ಸಣ್ಣದಲ್ಲ. (ಹಾಗಾಗಿಯೇ ತುದಿಯ ಬಣ್ಣವನ್ನು ಕೆರೆದು ವರ್ನಿಯರ್ ಹಿಡಿಯಬೇಕು, ಬಣ್ಣದ ದಪ್ಪವೇ ಲೆಕ್ಕವನ್ನು ಕೆಡಿಸುತ್ತದೆ.) ಲೆಕ್ಕ ಹಾಕಿದಾಗ, ಒಂದು ಮಿಲಿಮೀಟರ್ ಕುಗ್ಗಿಸಲು ಹಳೆಯದಕ್ಕೆ ಸುಮಾರು 20 ನ್ಯೂಟನ್ (ಹೆಚ್ಚುಕಡಿಮೆ 2 ಕೆ.ಜಿ. ಭಾರ), ಹೊಸದಕ್ಕೆ 26 ನ್ಯೂಟನ್ ಬೇಕು ಎಂದಾಯಿತು. 300 ಕೆ.ಜಿ. ಭಾರಕ್ಕೆ ಹಳೆಯದು 147 ಮಿ.ಮೀ. ಕುಗ್ಗಿದರೆ ಹೊಸದು 113 ಮಿ.ಮೀ. ಮಾತ್ರ ಕುಗ್ಗುತ್ತದೆ. ಅಂದರೆ, ಎರಡೂ ಒಂದೇ ಉದ್ದವಾಗಿದ್ದಿದ್ದರೆ ಸ್ಪೋರ್ಟ್ ಸ್ಪ್ರಿಂಗ್ ಕಾರನ್ನು 34 ಮಿ.ಮೀ. ಮೇಲಕ್ಕೆತ್ತುತ್ತಿತ್ತು. ಕಾರು 30 ಮಿ.ಮೀ. ತಗ್ಗಬೇಕಾದರೆ ಬಿಡಿ ಸ್ಪ್ರಿಂಗ್ 64 ಮಿ.ಮೀ. ಗಿಡ್ಡವಿರಬೇಕು, ಟೇಪು ಹಿಡಿದಾಗ 350 ಮತ್ತು 286 ಎಂದು ಹೆಚ್ಚುಕಡಿಮೆ ಅದೇ ಅಂತರ ಸಿಕ್ಕಿತು.

ಜ್ಯಾಕಿನಿಂದ ಇಳಿಸಿದ ಕೂಡಲೇ ಅಳೆದಾಗ ಮುಂದೆ 362 ಇತ್ತು. ಇಳಿಯುವಾಗ ಚಕ್ರಗಳು ಹೊರಕ್ಕೆ ಸರಿಯಬೇಕು, ಆದರೆ ಟೈರು ನೆಲವನ್ನು ಕಚ್ಚಿ ಹಿಡಿಯುವುದರಿಂದ ಕಾರು ಎತ್ತರದಲ್ಲೇ ನಿಲ್ಲುತ್ತದೆ. ನಾಲ್ಕಾರು ಮೀಟರ್ ಹಿಂದೆಮುಂದೆ ಉರುಳಿಸಿದಾಗ 358ಕ್ಕೆ ಬಂತು. 600 ಕಿ.ಮೀ. ಓಡಿದ ಮೇಲೆ 354ಕ್ಕೆ ನಿಂತಿತು. ವೀಲ್ ಅಲೈನ್‌ಮೆಂಟನ್ನು ಆ ಬಳಿಕವೇ ಮಾಡಿಸಿದೆ, ಹೆಡ್‌ಲೈಟಿನ ಮಟ್ಟವನ್ನೂ ಸರಿಪಡಿಸಿದೆ. ಸಸ್ಪೆನ್ಷನ್ ಕೀಲುಗಳಲ್ಲಿರುವ ರಬ್ಬರ್ ಬುಷ್‌ಗಳ ಬೋಲ್ಟುಗಳನ್ನು ಚಕ್ರ ನೆಲಕ್ಕೂರಿದ ಮೇಲೆಯೇ ಪೂರ್ತಿ ಬಿಗಿಯಬೇಕು, ಇಲ್ಲದಿದ್ದರೆ ಬುಷ್ ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ.

ಘಾಟಿಯಲ್ಲಿ ವ್ಯತ್ಯಾಸ ತಿಳಿಯಿತು. ಸ್ಟೀರಿಂಗ್ ತಿರುಗಿಸಿದೊಡನೆ ಕಾರು ತಿರುಗುತ್ತಿತ್ತು, ವಾಲುವುದು ಕಡಿಮೆಯಾಗಿತ್ತು; ಆದರೆ ಸ್ಪ್ರಿಂಗಿನ ಅಂಕಿಗಳನ್ನು ನೋಡಿ ನಾನು ಎಣಿಸಿದ್ದಷ್ಟು ಅಲ್ಲ. ಮ್ಯಾಕ್‌ಫರ್ಸನ್ ಸ್ಟ್ರಟ್ (ಸ್ಪ್ರಿಂಗು, ಶಾಕ್ ಅಬ್ಸಾರ್ಬರ್ ಎರಡೂ ಒಂದೇ ಕಂಬದಲ್ಲಿರುವ ಜೋಡಣೆ) ಇರುವ ಕಾರನ್ನು ತಗ್ಗಿಸಿದಾಗ, ಅದು ವಾಲುವ ಕೇಂದ್ರಬಿಂದು ದೇಹಕ್ಕಿಂತ ಹೆಚ್ಚು ಕೆಳಗಿಳಿದು ಲಾಭದ ಒಂದು ಪಾಲನ್ನು ನುಂಗಿಹಾಕುತ್ತದೆ.

ಗುಂಡಿಗಳಲ್ಲಿ ಮಾತ್ರ ಮುಂಭಾಗದಿಂದ ಧಡ್ ಎಂಬ ಹೊಡೆತ ಬರತೊಡಗಿತು. ಗ್ಯಾರೇಜಿನಲ್ಲಿ ತೋರಿಸಿದಾಗ, "ಶಾಕ್ ಹೋಗಿದೆ ಸರ್, ಜೋಡಿ ಬದಲಾಯಿಸಿ" ಎಂದರು. ನಾನು ಸ್ಟ್ರಟ್ಟಿನ ರಬ್ಬರ್ ಹೊದಿಕೆಯನ್ನು ಮೇಲಕ್ಕೆ ಸರಿಸಿ, ಹೊಳೆಯುವ ರಾಡಿಗೆ ಒಂದು ಕೇಬಲ್ ಟೈ ಕಟ್ಟಿ, ಅದೇ ದಾರಿಯಲ್ಲಿ ಓಡಿಸಿ ಬಂದು ನೋಡಿದೆ. ಟೈ ಮೇಲೆ ಸರಿದು ಬಂಪ್ ಸ್ಟಾಪಿಗೆ, ಅಂದರೆ ಸ್ಟ್ರಟ್ಟು ಕುಗ್ಗುವುದರ ಕೊನೆಯಲ್ಲಿ ತಡೆಯಾಗಿ ನಿಲ್ಲುವ ರಬ್ಬರ್ ತುಂಡಿಗೆ, ಒತ್ತಿ ಕುಳಿತಿತ್ತು. ಮೊದಲು ಬಂಪ್ ಸ್ಟಾಪ್ ತಾಗಲು 60 ಮಿ.ಮೀ. ಅಂತರವಿತ್ತು; ಈಗ 30. ಗುಣಿಸಿ ನೋಡಿದರೆ, ಹಳೆಯ ಸ್ಪ್ರಿಂಗು 1200 ನ್ಯೂಟನ್, ಅಂದರೆ ಸುಮಾರು 122 ಕೆ.ಜಿ. ಹೆಚ್ಚುವರಿ ಹೊರೆ ಬಿದ್ದ ಮೇಲೆ ರಬ್ಬರಿಗೆ ತಾಗುತ್ತಿದ್ದರೆ, 30 ಶೇಕಡಾ ಗಟ್ಟಿಯಾದ ಹೊಸ ಸ್ಪ್ರಿಂಗು 780 ನ್ಯೂಟನ್‌ಗೆ, 80 ಕೆ.ಜಿ.ಗೇ ತಾಗುತ್ತಿತ್ತು. ನಾನು ಸ್ಪ್ರಿಂಗಿನ ಬಿರುಸು ಎಂದುಕೊಂಡಿದ್ದ ಹೊಡೆತದ ಬಹುಪಾಲು ಬಂಪ್ ಸ್ಟಾಪಿನದು. 20 ಮಿ.ಮೀ. ಗಿಡ್ಡದ ಬಂಪ್ ಸ್ಟಾಪ್ ಹಾಕಿ, ಪೂರ್ತಿ ಒತ್ತಿದಾಗ ಟೈರು ಎಲ್ಲಿಯೂ ತಾಗದೆಂದು ಖಚಿತಪಡಿಸಿಕೊಂಡ ಮೇಲೆ ಆ ಅಂಕಿ 1300 ನ್ಯೂಟನ್‌ಗೆ ಏರಿತು, ಸದ್ದು ಅಡಗಿತು. ಶಾಕ್ ಅಬ್ಸಾರ್ಬರುಗಳೂ ಹೊಸ ಸ್ಪ್ರಿಂಗಿಗೆ ತುಸು ಮೆದುವೇ ಆಗಿದ್ದವು, ಉಬ್ಬು ದಾಟಿದ ಮೇಲೆ ಕಾರು ಒಂದು ಸಲ ಹೆಚ್ಚು ಕುಣಿಯುತ್ತಿತ್ತು. ಆದರೆ ಅವು ಕೆಟ್ಟಿರಲಿಲ್ಲ.

ಪರಿಹಾರ ಕಾಣದ್ದು ಹಂಪ್‌ಗಳ ವಿಷಯದಲ್ಲಿ. ಇಂಡಿಯನ್ ರೋಡ್ಸ್ ಕಾಂಗ್ರೆಸ್ ಹೇಳುವ ಅಳತೆಯ ಹಂಪ್ 10 ಸೆಂ.ಮೀ. ಎತ್ತರ, 3.7 ಮೀಟರ್ ಅಗಲ. ಅದರ ಮೇಲೆ ಚಕ್ರಗಳೂ ಕಾರಿನೊಂದಿಗೆ ಏರುವುದರಿಂದ ತೊಂದರೆಯಿಲ್ಲ. ಊರವರೇ ಹಾಕಿಕೊಂಡ ಅರ್ಧ ಮೀಟರ್ ಅಗಲದ ದಿಣ್ಣೆಯ ಎರಡೂ ಬದಿಗೆ ಚಕ್ರಗಳು ಇಳಿದಾಗ ಕಾರಿನ ಹೊಟ್ಟೆ ನೇರವಾಗಿ ಅದರ ಮೇಲೆ ಬರುತ್ತದೆ. ಎಂಜಿನ್ ಗಾರ್ಡಿನ ಕೆಳಗೆ ಮೊದಲಿದ್ದ 158 ಮಿ.ಮೀ. ಈಗ 127 ಆಗಿತ್ತು. ಅಪ್ಪ, ಅಮ್ಮ ಮತ್ತು ಸಾಮಾನು ಸೇರಿದರೆ ಅದೂ ಉಳಿಯುತ್ತಿರಲಿಲ್ಲ. ತೋಟದ ದಾರಿಯಲ್ಲಿ ನಡುವಿನ ಹುಲ್ಲುದಿಬ್ಬ ಗಾರ್ಡನ್ನು ಕೆರೆಯುತ್ತಿತ್ತು.

ಮಳೆಗಾಲಕ್ಕೆ ಮುಂಚೆ ಕಂಪನಿಯ ಸ್ಪ್ರಿಂಗು, ಅದರದೇ ಬಂಪ್ ಸ್ಟಾಪುಗಳನ್ನು ಮರಳಿ ಹಾಕಿದೆ. ಬೇಸಿಗೆಗೊಂದು, ಮಳೆಗಾಲಕ್ಕೊಂದು ಎಂದು ಬದಲಾಯಿಸುತ್ತಿರಬಹುದೆಂಬ ಯೋಚನೆಯೂ ಇತ್ತು. ಪ್ರತಿ ಸಲವೂ ಅಲೈನ್‌ಮೆಂಟ್, ಹೆಡ್‌ಲೈಟು ಎಲ್ಲವನ್ನೂ ಹೊಸದಾಗಿ ಮಾಡಿಸಬೇಕಾದ್ದರಿಂದ ಕೈಬಿಟ್ಟೆ. ಸ್ಪೋರ್ಟ್ ಸ್ಪ್ರಿಂಗುಗಳು ಎಣ್ಣೆ ಸವರಿ, ಗೋಣಿ ಸುತ್ತಿ, 26 ಮತ್ತು 286 ಎಂದು ಚೀಟಿ ಅಂಟಿಸಿದ ಸ್ಥಿತಿಯಲ್ಲಿ ಅಟ್ಟದ ಮೇಲಿವೆ.