ಪ್ರಾಜೆಕ್ಟ್ ವರದಿ ಕನ್ನಡದಲ್ಲಿ ಟೈಪ್ ಮಾಡುವುದು ಹೇಗೆ?

ಹೋದ ವರ್ಷ ಬಿ.ಎ. ಕೊನೆಯ ವರ್ಷದ ಹುಡುಗಿಯೊಬ್ಬಳು ಪೆನ್‌ಡ್ರೈವ್ ಹಿಡಿದು ನಮ್ಮ ಲ್ಯಾಬಿಗೆ ಬಂದಳು. ಊರ ಸಂತೆಯ ಬಗ್ಗೆ 42 ಪುಟದ ವರದಿ. ಡಿಟಿಪಿ ಅಂಗಡಿಯಲ್ಲಿ ದುಡ್ಡು ಕೊಟ್ಟು ಟೈಪ್ ಮಾಡಿಸಿದ್ದಳು. ಅಲ್ಲಿ ಚೆನ್ನಾಗಿಯೇ ಕಂಡಿತ್ತಂತೆ. ನಮ್ಮಲ್ಲಿ ತೆರೆದರೆ ‘ಕನ್ನಡ’ ಎಂದಿರಬೇಕಾದ ಕಡೆ ಇಂಗ್ಲಿಷಿನ ಪಿ, ನೆತ್ತಿಯ ಮೇಲೆ ಗೀಟು ಹೊತ್ತ ಎ, ಪಕ್ಕದಲ್ಲಿ ಪೌಂಡ್ ಗುರುತು! “ಮೇಡಂ, ವೈರಸ್ ಬಂದಿದೆಯಾ?” ಅಂದಳು.

ವೈರಸ್ ಅಲ್ಲ. ಪ್ರತಿ ವರ್ಷ ಇಂಥ ನಾಲ್ಕೈದು ಫೈಲು ಬರುತ್ತವೆ. ಫೋನಿನಲ್ಲಿ ಚುರುಕಾಗಿರುವ ಮಕ್ಕಳೇ ಇಲ್ಲಿ ಎಡವುತ್ತಾರೆ. ಕಾಣುವ ಅಕ್ಷರ ಬೇರೆ, ಫೈಲಿನ ಒಳಗಿರುವ ಅಕ್ಷರ ಬೇರೆ ಎಂದು ಅವರಿಗೆ ಯಾರೂ ಹೇಳಿಕೊಟ್ಟಿಲ್ಲ. ಹಾಗಾಗಿ ವರದಿಯನ್ನು ನೀವೇ ಟೈಪ್ ಮಾಡಿ, ಹೀಗೆ ಮಾಡಿ.

ಹೆಜ್ಜೆ 1: ಕಂಪ್ಯೂಟರಿನ ಮುಂದೆ ಕೂತು ವರ್ಡ್ ಅಥವಾ ಲಿಬ್ರೆಆಫೀಸ್ ತೆರೆಯಿರಿ. ಫೋನ್ ಬೇಡ.

ಹೆಜ್ಜೆ 2: ಒಂದಕ್ಷರ ಒತ್ತುವ ಮೊದಲೇ ಫೈಲನ್ನು ಸೇವ್ ಮಾಡಿ. ಹೆಸರಿನಲ್ಲಿ ನಿಮ್ಮ ಹೆಸರು, ವಿಷಯ, ತಾರೀಖು ಇರಲಿ. ‘ಫೈನಲ್’, ‘ಫೈನಲ್ ಹೊಸದು’, ‘ಫೈನಲ್ ಇದೇ’ ಅಂತೆಲ್ಲ ಇಟ್ಟರೆ ಕೊನೆಗೆ ಯಾವುದು ಅಂತ ನಿಮಗೇ ಗೊತ್ತಾಗುವುದಿಲ್ಲ.

ಹೆಜ್ಜೆ 3: ಯೂನಿಕೋಡ್, ಅಂದರೆ ಪ್ರತಿ ಲಿಪಿಯ ಪ್ರತಿ ಅಕ್ಷರಕ್ಕೂ ಕಂಪ್ಯೂಟರಿನಲ್ಲಿ ಅದರದೇ ಸಂಖ್ಯೆ ಕೊಡುವ ಪದ್ಧತಿ. ಎಲ್ಲರೂ ಕೆಡಿಸಿಕೊಳ್ಳುವುದು ಇಲ್ಲೇ, ಸ್ವಲ್ಪ ನಿಧಾನವಾಗಿ ಓದಿ.

ಹಳೆಯ ಆಸ್ಕಿ ಫಾಂಟುಗಳಲ್ಲಿ ಕನ್ನಡಕ್ಕೆ ಸ್ವಂತ ಜಾಗವೇ ಇರಲಿಲ್ಲ. ಇಂಗ್ಲಿಷಿನ ಪಿ ಕೂರುವ ಮನೆಯಲ್ಲಿ ‘ಕ’ದ ಚಿತ್ರವನ್ನು ಕೂರಿಸಿದ್ದರು. ಕಂಪ್ಯೂಟರಿನ ಲೆಕ್ಕದಲ್ಲಿ ಅದು ಇವತ್ತಿಗೂ ಪಿ. ಫಾಂಟು ಅದಕ್ಕೆ ಕನ್ನಡದ ವೇಷ ಹಾಕಿದೆ, ಅಷ್ಟೆ. ಆ ಫಾಂಟು ಇಲ್ಲದ ಕಂಪ್ಯೂಟರಿಗೆ ಹೋದ ಕೂಡಲೇ ವೇಷ ಕಳಚುತ್ತದೆ. ಯೂನಿಕೋಡಿನಲ್ಲಿ ಹಾಗಲ್ಲ. 1991ರ ಮೊದಲ ಆವೃತ್ತಿಯಿಂದಲೇ ಕನ್ನಡಕ್ಕೆ ಅದರಲ್ಲಿ ಬೇರೆ ಜಾಗವಿದೆ. ‘ಕ’ ಎಲ್ಲಿ ಹೋದರೂ ‘ಕ’ವೇ. ಫೈಲಿನಲ್ಲಿ ಹುಡುಕಿದರೂ ಸಿಗುತ್ತದೆ.

ನಿಮ್ಮದು ಯಾವುದು ಅಂತ ತಿಳಿಯಲು ಅರ್ಧ ನಿಮಿಷ ಸಾಕು. ಒಂದು ಸಾಲು ಕಾಪಿ ಮಾಡಿ ನೋಟ್‌ಪ್ಯಾಡಿನಲ್ಲಿ ಪೇಸ್ಟ್ ಮಾಡಿ. ಕನ್ನಡವಾಗಿಯೇ ಉಳಿದರೆ ಯೂನಿಕೋಡ್. ಚಿತ್ರವಿಚಿತ್ರ ಗುರುತು ಬಂದರೆ ಆಸ್ಕಿ. ಡಿಟಿಪಿ ಅಂಗಡಿಗೇ ಕೊಡುತ್ತೀರಾದರೆ, ದುಡ್ಡು ಕೊಡುವ ಮುಂಚೆ ಅವರ ಎದುರಿಗೇ ಈ ಪರೀಕ್ಷೆ ಮಾಡಿ. ನಾಚಿಕೆ ಬೇಡ.

ಇನ್ನು ಕೀಲಿಮಣೆ. ವಿಂಡೋಸ್‌ನಲ್ಲಿ ಸೆಟ್ಟಿಂಗ್ಸ್‌ನ ಭಾಷೆ ವಿಭಾಗಕ್ಕೆ ಹೋಗಿ ಕನ್ನಡ ಸೇರಿಸಿದರೆ ಸಾಕು. ವಿಂಡೋಸ್ ಕೀ ಹಿಡಿದು ಸ್ಪೇಸ್ ಒತ್ತಿದರೆ ಭಾಷೆ ಬದಲಾಗುತ್ತದೆ. ಆದರೆ ನನ್ನ ಮಾತು ಕೇಳುವುದಾದರೆ ಕನ್ನಡ ಗಣಕ ಪರಿಷತ್ತು ರೂಪಿಸಿದ ‘ನುಡಿ’ ತಂತ್ರಾಂಶ ಹಾಕಿಕೊಂಡು, ಅದರ ಕೀಲಿಮಣೆ ಕಲಿಯಿರಿ. ಕೆ.ಪಿ. ರಾವ್ ಅವರ ವಿನ್ಯಾಸದಿಂದ ಬಂದ ಜೋಡಣೆ ಅದು. ಒಂದೇ ಎಚ್ಚರಿಕೆ: ನುಡಿಯಲ್ಲಿ ಆಸ್ಕಿಯೂ ಇದೆ, ಯೂನಿಕೋಡೂ ಇದೆ. ಯೂನಿಕೋಡ್ ಆರಿಸಿದ್ದೀರಾ ಅಂತ ನೋಡಿಕೊಂಡೇ ಶುರು ಮಾಡಿ.

ಇದರ ಗುಟ್ಟೆಲ್ಲ ಎಫ್ ಕೀಲಿಯಲ್ಲಿದೆ. ಒತ್ತಕ್ಷರ ಬೇಕಾದಾಗ ಎರಡು ಅಕ್ಷರದ ನಡುವೆ ಎಫ್. ‘ಅಕ್ಕ’ ಬೇಕಾದರೆ ಎ, ಕೆ, ಎಫ್, ಕೆ. ‘ಶಾಸ್ತ್ರ’ಕ್ಕೆ ಶಿಫ್ಟ್ ಹಿಡಿದು ಎಸ್, ಶಿಫ್ಟ್ ಹಿಡಿದೇ ಎ, ಆಮೇಲೆ ಬರೀ ಎಸ್, ಎಫ್, ಟಿ, ಎಫ್, ಆರ್. ಹೊಸಬರು ತಡಕಾಡುವುದು ‘ಟ’ ಮತ್ತು ‘ಡ’ಕ್ಕೆ. ಟಿ ಒತ್ತಿದರೆ ‘ತ’ ಬರುತ್ತದೆ, ‘ಟ’ ಇರುವುದು ಕ್ಯೂನಲ್ಲಿ. ‘ಡ’ ಡಬ್ಲ್ಯೂನಲ್ಲಿ. ‘ಕನ್ನಡ’ ಅಂದರೆ ಕೆ, ಎನ್, ಎಫ್, ಎನ್, ಡಬ್ಲ್ಯೂ. ಇಂಗ್ಲಿಷಿನಲ್ಲಿ ಹೊಡೆದು ಕನ್ನಡ ಮಾಡಿಸಿಕೊಳ್ಳುವ ರೂಢಿಗಿಂತ ಇಲ್ಲಿ ಕೀಲಿ ಒತ್ತುವುದೂ ಕಡಿಮೆ. ದಿನಕ್ಕೆ ಅರ್ಧ ಗಂಟೆಯಂತೆ ಹದಿನೈದು ದಿನ ಕೂತರೆ ಬೆರಳು ತಾನಾಗಿ ಓಡುತ್ತದೆ.

ಕೀಲಿಗಳ ಮೇಲೆ ಅಂಟಿಸುವ ಕನ್ನಡ ಸ್ಟಿಕ್ಕರ್ ತರಬೇಡಿ. ನಾನೂ ಒಮ್ಮೆ ತಂದಿದ್ದೆ. ಅದು ಇನ್‌ಸ್ಕ್ರಿಪ್ಟ್ ಎಂಬ ಬೇರೆಯೇ ಕೀಲಿ ಜೋಡಣೆಯದು, ನುಡಿಗೂ ಅದಕ್ಕೂ ಸಂಬಂಧವೇ ಇಲ್ಲ. ಸಾಲದ್ದಕ್ಕೆ ಎರಡೇ ವಾರದಲ್ಲಿ ಅಂಚು ಎದ್ದು ಬೆರಳಿಗೆಲ್ಲ ಗೋಂದು. ಮಾತಾಡಿದ್ದನ್ನು ಟೈಪ್ ಮಾಡುವ ಸೌಲಭ್ಯವೂ ವಾಟ್ಸ್‌ಆ್ಯಪ್‌ಗೆ ಸರಿ. ಊರ ಹೆಸರು, ಸಂತೆಯ ಮಾತು ಬಂದರೆ ಏನೇನೋ ಬರೆದುಬಿಡುತ್ತದೆ.

ಆಗಲೇ ಆಸ್ಕಿಯಲ್ಲಿ ಮಾಡಿಸಿಬಿಟ್ಟಿದ್ದರೆ? ಯೂನಿಕೋಡ್‌ಗೆ ಬದಲಿಸುವ ಕನ್ವರ್ಟರ್‌ಗಳು ಬಿಟ್ಟಿ ಸಿಗುತ್ತವೆ. ಆದರೆ ಇಂಗ್ಲಿಷ್ ಪದಗಳನ್ನು ಮೊದಲೇ ಬೇರೆ ಹಾಳೆಗೆ ತೆಗೆದಿಟ್ಟುಕೊಳ್ಳಿ. ಕನ್ವರ್ಟರಿಗೆ ವೇಷದ ಪಿ ಯಾವುದು, ನಿಜವಾದ ಪಿ ಯಾವುದು ಗೊತ್ತಾಗುವುದಿಲ್ಲ, ಎಲ್ಲವನ್ನೂ ಕನ್ನಡ ಮಾಡಿಬಿಡುತ್ತದೆ. ಸಂತೆಯ ಹುಡುಗಿಯ ಫೈಲಿನಲ್ಲಿ ಇಂಗ್ಲಿಷ್ ಪುಸ್ತಕಗಳ ಪಟ್ಟಿ ಪೂರ್ತಿ ಹಾಗೇ ಹಾಳಾಯಿತು. ತಿದ್ದಲು ನಮ್ಮಿಬ್ಬರಿಗೂ ಮೂರು ಸಂಜೆ ಹಿಡಿಯಿತು.

ಹೆಜ್ಜೆ 4: ಪುಟ ಜೋಡಿಸುವುದು. ತಲೆಬರಹವನ್ನು ನಡುವೆ ತರಲು ಸ್ಪೇಸ್ ಬಾರನ್ನು ನಲವತ್ತು ಸಲ ಕುಟ್ಟಬೇಡಿ. ಅದಕ್ಕೆ ಸೆಂಟರ್ ಬಟನ್ ಇದೆ. ಹೊಸ ಪುಟ ಬೇಕಾದರೆ ಎಂಟರ್ ಮೇಲೆ ಎಂಟರ್ ಅಲ್ಲ, ಕಂಟ್ರೋಲ್ ಹಿಡಿದು ಒಂದೇ ಎಂಟರ್. ಇಲ್ಲದಿದ್ದರೆ ಗೈಡ್ ಎರಡು ಸಾಲು ಸೇರಿಸಿ ಅಂದ ದಿನ ಮುಂದಿನದೆಲ್ಲ ಕೆಳಗೆ ಜಾರಿ, ಅಧ್ಯಾಯದ ಹೆಸರು ಪುಟದ ತಳಕ್ಕೆ ಹೋಗಿ ಕೂರುತ್ತದೆ. ಪುಟಸಂಖ್ಯೆಯನ್ನೂ ಕೈಯಿಂದ ಹಾಕಬೇಡಿ, ಇನ್ಸರ್ಟ್‌ನಲ್ಲಿದೆ. ನಡುನಡುವೆ ಕಂಟ್ರೋಲ್ ಎಸ್. ಕರೆಂಟು ಹೇಳಿ ಹೋಗುವುದಿಲ್ಲ, ಅಲ್ವಾ?

ಹೆಜ್ಜೆ 5: ವರ್ಡ್‌ನಲ್ಲಾದರೆ ‘ಸೇವ್ ಆ್ಯಸ್’ನಲ್ಲೇ ಪಿಡಿಎಫ್ ಆರಿಸಿ, ಲಿಬ್ರೆಆಫೀಸ್‌ನಲ್ಲಾದರೆ ‘ಎಕ್ಸ್‌ಪೋರ್ಟ್ ಆ್ಯಸ್’ನಲ್ಲಿ. ಇದಕ್ಕೂ ಬೇರೆ ಆ್ಯಪ್ ಹುಡುಕುವವರಿದ್ದಾರೆ. ಒಬ್ಬ ಹುಡುಗನ ವರದಿಯ ಪ್ರತಿ ಪುಟದ ಕೆಳಗೂ ಅಂಥ ಬಿಟ್ಟಿ ಆ್ಯಪ್ ತನ್ನ ಹೆಸರು ಒತ್ತಿತ್ತು, ಹಾಗೆಯೇ ಬೈಂಡ್ ಕೂಡ ಆಗಿತ್ತು. ಪಿಡಿಎಫ್ಅನ್ನು ಗೆಳೆಯರ ಫೋನಿನಲ್ಲಿ ಒಮ್ಮೆ ತೆರೆದು ನೋಡಿ. ಆಮೇಲೆ ಪ್ರಿಂಟಿಗೆ ಕೊಡಿ.

ವರ್ಡ್ ಫೈಲಿನ ಒಂದು ಪ್ರತಿ ನಿಮಗೇ ಮೇಲ್ ಮಾಡಿಕೊಳ್ಳಿ, ಇನ್ನೊಂದು ಪೆನ್‌ಡ್ರೈವಿನಲ್ಲಿರಲಿ. ಹೋಗುವಾಗ ಅದನ್ನು ಲ್ಯಾಬಿನಲ್ಲೇ ಬಿಟ್ಟು ಹೋಗಬೇಡಿ. ನನ್ನ ಡ್ರಾಯರಿನಲ್ಲಿ ಈಗಾಗಲೇ ಆರು ಇವೆ.